ಎರಡು ಗ್ರಂಥಿಗಳ ಶೋಧಕ ಕೆಂಡಲ್

ಒಂದು ಬಾಳಿನಲ್ಲಿ ಒಂದು ಮಹತ್ಕಾರ್ಯ ಕೈಗೂಡಿದರೆ ಅದೇ ಸುಕೃತವೆಂದು ನಾನು ತಿಳಿದವನು. ಅಮೆರಿಕದ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕ್ಯಾಲ್ವಿನ್ ಕೆಂಡಲ್ಲರಿಗೆ ಎರಡು ಕೈಗೂಡಿದವು.

1886ನೆಯ ಮಾರ್ಚ್ 8ರಂದು ಕನೆಕ್ಟಿಕಟ್ ಸಂಸ್ಥಾನದಲ್ಲಿ ಜನಿಸಿದ ಅವರು 1910ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದರು. 1914ರಲ್ಲಿ ಮಿನ್ನೆಸೋಟದ ಮೇಯೋ ಚಿಕಿತ್ಸಾಲಯವನ್ನು ಸೇರಿ, ಅದೇ ವರ್ಷದ ಕ್ರಿಸ್‌ಮಸ್ ದಿನ ಕೊರಳಿನ ಥೈರಾಯ್ಡ್ ಗ್ರಂಥಿಯ ಸತ್ತ್ವವನ್ನು ಹರಳಿನ ರೂಪದಲ್ಲಿ ಕಂಡರು. ಅದೇ ಥೈರಾಕ್ಸಿನ್. ಮುಂದೆ ಸುಮಾರು 3 ಟನ್ ಹಂದಿಯ ಗ್ರಂಥಿಗಳಿಂದ ಅವರಿಗೆ ದೊರೆತದ್ದು 33 ಗ್ರಾಂ. ರಾಶಿ ಗೂಡು ಬೇಯಿಸಿ ಹಿಡಿ ನೂಲು ಬಿಚ್ಚುವ ಶಿಡ್ಲಘಟ್ಟದವರಿಗೆ ಈ ತಾಳ್ಮೆಯನ್ನು ವಿವರಿಸಬೇಕಾಗಿಲ್ಲ.

ಆದರೆ ಅದರ ಅಣುರಚನೆಯನ್ನು ಅವರು ತಪ್ಪಾಗಿ ಊಹಿಸಿದ್ದರು. 1926ರಲ್ಲಿ ಇಂಗ್ಲೆಂಡಿನ ಹ್ಯಾರಿಂಗ್‌ಟನ್ನರು ಸರಿಯಾದುದನ್ನು ತೋರಿಸಿಕೊಟ್ಟರು. ಕೆಂಡಲ್ಲರು ಎದೆಗುಂದಲಿಲ್ಲ. 1930ರ ದಶಕದಲ್ಲಿ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳತ್ತ ತಿರುಗಿ, ಮುಂದೆ ಕಾರ್ಟಿಸೋನ್ ಎನಿಸಿದ ವಸ್ತುವನ್ನು ಬೇರ್ಪಡಿಸಿದರು. ದೇಹದೊಳಗೆ ಅದು ಕಾರ್ಟಿಸಾಲ್ ಆಗಿ ಮಾರ್ಪಟ್ಟು ಕೆಲಸ ಮಾಡುತ್ತದೆ. 1948ರ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ಫಿಲಿಪ್ ಹೆಂಚರು ಅದನ್ನು ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಹೆಂಗಸೊಬ್ಬಳಿಗೆ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಅವರಿಬ್ಬರಿಗೂ ಸ್ವಿಟ್ಸರ್ಲೆಂಡಿನ ರೈಕ್‌ಸ್ಟೈನರಿಗೂ ನೊಬೆಲ್ ಬಹುಮಾನ ಸಂದಿತು. ಅಷ್ಟರಲ್ಲಿಯೇ ಅಮೃತದ ಇನ್ನೊಂದು ಮುಖವೂ ಕಂಡಿತ್ತು. ಹೆಚ್ಚು ಪ್ರಮಾಣ ಪಡೆದ ರೋಗಿಗಳ ಮುಖ ಊದಿತು. ಕೆಲವರ ಮನಸ್ಸು ಕದಡಿತು.

ಕೆಂಡಲ್ಲರು ಬೇರೆಬೇರೆಯಾಗಿ ಕಂಡ ಈ ಎರಡು ರಸಗಳ ನಂಟು ಕ್ರಮೇಣ ತಿಳಿಯಿತು. ಕಾರ್ಟಿಸಾಲ್ ಮಿತಿಮೀರಿದರೆ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡಿಗೆ ಕಳುಹಿಸುವ ಆಜ್ಞೆ, ಅಂದರೆ ಟಿ.ಎಸ್.ಎಚ್., ಕುಂದುತ್ತದೆ, ಥೈರಾಕ್ಸಿನ್ ತನ್ನ ಚುರುಕಾದ ರೂಪವಾದ ಟಿ-3 ಆಗುವುದೂ ತಗ್ಗುತ್ತದೆ. ಕೊರಳಿನ ಗ್ರಂಥಿ ನೆಟ್ಟಗಿದ್ದರೂ ರಕ್ತಪರೀಕ್ಷೆಯಲ್ಲಿ ಅದು ಸೊರಗಿದಂತೆ ತೋರಬಹುದು. ಕಾರ್ಟಿಸಾಲ್ ಹದಕ್ಕೆ ಬಂದರೆ ಸಾಮಾನ್ಯವಾಗಿ ಅದೂ ಚೇತರಿಸಿಕೊಳ್ಳುತ್ತದೆ; ಕೆಲವರಲ್ಲಿ ಅದುವರೆಗೆ ಅಡಗಿದ್ದ ಥೈರಾಯ್ಡ್ ಬೇನೆ ಆಗಲೇ ತಲೆಯೆತ್ತುವುದೂ ಉಂಟು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಗಳ ನಮ್ಮ ವಿದ್ಯಾರ್ಥಿಗಳು ಈ ಜೀವನವನ್ನು ಓದಬೇಕೆಂದು ನಾನು ಬಯಸುವುದಕ್ಕೆ ಕಾರಣವಿದೆ. ಮನೆಯ ಹಿರಿಯರು ಮಂಡಿನೋವಿಗೆಂದು ನುಂಗುವ, ಹೆಸರೇ ತಿಳಿಯದ ಮಾತ್ರೆ ಇದೇ ಸ್ಟೀರಾಯ್ಡ್ ಬಳಗದ್ದಾಗಿರಬಹುದು. ಅದನ್ನು ತಾವಾಗಿಯೇ ಮುಂದುವರಿಸುವುದೂ ಅಪಾಯ, ದೀರ್ಘಕಾಲ ನುಂಗಿದವರು ತಟ್ಟನೆ ಬಿಡುವುದೂ ಅಪಾಯ. ಮಾತ್ರೆಯನ್ನು ವೈದ್ಯರಿಗೆ ತೋರಿಸಿ ಕೇಳುವಷ್ಟು ಅರಿವು ಓದಿದ ಮಕ್ಕಳಿಗಿರಬೇಕು.

1972ರ ಮೇ 4ರಂದು ಕೆಂಡಲ್ಲರು ತೀರಿಕೊಂಡರು. ಅವರು ಕಂಡ ಎರಡು ವಸ್ತುಗಳೂ ಲೋಕಕ್ಕೆ ಮದ್ದಾದವು. ಅಳತೆಯನ್ನು ಕಾಯುವ ಹೊಣೆ ನಮಗೆ ಉಳಿದಿದೆ.