ಫಿಲಿಪ್ ಹೆನ್ರಿ ಗಾಸ್

ಫಿಲಿಪ್ ಹೆನ್ರಿ ಗಾಸ್ (ಏಪ್ರಿಲ್ 6, 1810 – ಆಗಸ್ಟ್ 23, 1888) ಇಂಗ್ಲೆಂಡಿನ ನಿಸರ್ಗ ವಿಜ್ಞಾನಿ, ಚಿತ್ರಕಾರ ಮತ್ತು ಲೇಖಕ. ಕಡಲಜೀವಿಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವ ಹವ್ಯಾಸವನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು. ಹವಳ ಸಾಕುವವರು ಇಂದು ದೊಡ್ಡ ಪಿಡುಗೆಂದು ಕಾಣುವ ಐಪ್ಟೇಸಿಯಕ್ಕೆ ಆ ಹೆಸರನ್ನು ಇಟ್ಟವರೂ ಇವರೇ.

ಜೀವನ

ಗಾಸ್ ವೂಸ್ಟರ್ ನಗರದಲ್ಲಿ ಜನಿಸಿ, ಪೂಲ್ ಎಂಬ ಬಂದರು ಪಟ್ಟಣದಲ್ಲಿ ಬೆಳೆದರು. ತಂದೆ ಊರೂರು ಅಲೆದು ಕಿರುಭಾವಚಿತ್ರಗಳನ್ನು ರಚಿಸುತ್ತಿದ್ದ ಕಲಾವಿದ. ಸೂಕ್ಷ್ಮ ಚಿತ್ರಣದ ಆ ಕೌಶಲ ಮಗನಿಗೂ ಬಂದಿತು. 1827ರಲ್ಲಿ ಗುಮಾಸ್ತನಾಗಿ ನ್ಯೂಫೌಂಡ್‌ಲೆಂಡ್‌ಗೆ ತೆರಳಿದ ಇವರು ಕೆನಡಾದಲ್ಲಿ ಬೇಸಾಯವನ್ನೂ ಅಲಬಾಮಾದಲ್ಲಿ ಶಿಕ್ಷಕ ವೃತ್ತಿಯನ್ನೂ ಕೈಗೊಂಡರು. 1844ರಿಂದ 1846ರವರೆಗೆ ಜಮೈಕಾದಲ್ಲಿದ್ದು ಅಲ್ಲಿನ ಹಕ್ಕಿಗಳನ್ನು ಅಧ್ಯಯನ ಮಾಡಿದರು. 1856ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು.

1857 ಇವರ ಪಾಲಿಗೆ ಕಠಿಣ ವರ್ಷವಾಗಿತ್ತು. ಪತ್ನಿ ಎಮಿಲಿ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ದೇವರು ಜಗತ್ತನ್ನು ಸೃಷ್ಟಿಸುವಾಗಲೇ ಅದಕ್ಕೆ ಗತಕಾಲದ ಗುರುತುಗಳನ್ನು ಇಟ್ಟನೆಂದು ವಾದಿಸಿದ ಇವರ 'ಓಂಫಲೋಸ್' ಗ್ರಂಥವು ವಿಜ್ಞಾನಿಗಳಿಗೂ ಹಿಡಿಸಲಿಲ್ಲ, ಧಾರ್ಮಿಕರಿಗೂ ಹಿಡಿಸಲಿಲ್ಲ. ಅದೇ ವರ್ಷ ಡೆವನ್ ಕರಾವಳಿಯ ಸೇಂಟ್ ಮೇರಿಚರ್ಚ್‌ನಲ್ಲಿ ನೆಲೆಸಿ, ಕೊನೆಯವರೆಗೂ ಅಲ್ಲಿಯೇ ಇದ್ದರು.

ಅಕ್ವೇರಿಯಂ

1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಆರಂಭವಾದ ಮತ್ಸ್ಯಾಗಾರಕ್ಕೆ ಗಾಸ್ ಕಡಲಜೀವಿಗಳನ್ನು ಒದಗಿಸಿದರು. ಮರುವರ್ಷ ಪ್ರಕಟವಾದ 'ದಿ ಅಕ್ವೇರಿಯಂ' ಪುಸ್ತಕದಿಂದ ಈ ಪದವೂ ಹವ್ಯಾಸವೂ ಒಟ್ಟಿಗೆ ಬಳಕೆಗೆ ಬಂದವು. ಬೆಳಕಿನಲ್ಲಿ ಹಸಿರು ಪಾಚಿ ಹೊರಬಿಡುವ ಆಮ್ಲಜನಕದಿಂದ ತೊಟ್ಟಿಯ ಪ್ರಾಣಿಗಳು ಬದುಕುತ್ತವೆ ಎಂಬುದು ವಿಧಾನದ ಆಧಾರ. ಕಡಲಿನಿಂದ ದೂರವಿರುವವರಿಗಾಗಿ ಅಡುಗೆ ಉಪ್ಪು ಹಾಗೂ ಇತರ ಮೂರು ಲವಣಗಳಿಂದ ಕೃತಕ ಸಮುದ್ರಜಲವನ್ನೂ ಸಿದ್ಧಪಡಿಸಿದರು.

ಪುಸ್ತಕಗಳ ಯಶಸ್ಸಿಗೆ ತೀರವು ಬೆಲೆ ತೆತ್ತಿತು. ಸಂಗ್ರಾಹಕರು ಗುಂಪುಗುಂಪಾಗಿ ಬಂದು ಬಂಡೆಗಳ ನಡುವಿನ ಕೊಳಗಳನ್ನು ಬರಿದು ಮಾಡಿದರು. ಇದಕ್ಕೆ ತಾವೇ ಅರಿಯದೆ ಕಾರಣರಾದೆವೆಂಬ ಕೊರಗು ಗಾಸ್ ಅವರಿಗಿತ್ತೆಂದು ಮಗ ಎಡ್ಮಂಡ್ ಗಾಸ್ 1907ರ 'ಫಾದರ್ ಅಂಡ್ ಸನ್' ಕೃತಿಯಲ್ಲಿ ದಾಖಲಿಸಿದ್ದಾರೆ.

ಐಪ್ಟೇಸಿಯ

ಬ್ರಿಟನ್ನಿನ ಕಡಲಹೂಗಳನ್ನೂ (ಸೀ ಅನಿಮೋನ್) ಹವಳಗಳನ್ನೂ ವಿವರಿಸುವ 'ಆಕ್ಟಿನೋಲಾಜಿಯ ಬ್ರಿಟಾನಿಕ' ಗಾಸ್ ಅವರ ಮುಖ್ಯ ವೈಜ್ಞಾನಿಕ ಗ್ರಂಥ. ಅದು ಕಂತುಗಳಲ್ಲಿ ಹೊರಬರಲಾರಂಭಿಸಿದ 1858ರಲ್ಲೇ ಅವರು ಐಪ್ಟೇಸಿಯ ಕುಲವನ್ನು ಸ್ಥಾಪಿಸಿದರು. ತೊಟ್ಟಿಗಳಲ್ಲಿ ಹಬ್ಬುವ ಪ್ರಭೇದವನ್ನು 2014ರಲ್ಲಿ ಎಕ್ಸೈಪ್ಟೇಸಿಯ ಎಂಬ ಬೇರೆ ಕುಲಕ್ಕೆ ಸೇರಿಸಲಾಗಿದ್ದರೂ ಹವ್ಯಾಸಿಗಳಲ್ಲಿ ಹಳೆಯ ಹೆಸರೇ ಉಳಿದಿದೆ.

ಕಂದು ಛಾಯೆಯ ಪಾರದರ್ಶಕ ದೇಹ, ಉದ್ದನೆಯ ಚೂಪು ಕರಬಳ್ಳಿಗಳು, ಮುಟ್ಟಿದರೆ ಥಟ್ಟನೆ ಬಿಲದೊಳಗೆ ಕುಗ್ಗುವ ಸ್ವಭಾವದಿಂದ ಇದನ್ನು ಗುರುತಿಸಬಹುದು. ಕರಬಳ್ಳಿಗಳಿಂದ ಇದು ಪಕ್ಕದ ಹವಳಗಳನ್ನು ಕುಟುಕುತ್ತದೆ. ಕೆರೆದು ತೆಗೆಯುವುದರಿಂದ ಹಾನಿಯೇ ಹೆಚ್ಚು; ಬುಡದ ಸಣ್ಣ ಚೂರು ಉಳಿದರೂ ಹೊಸ ಜೀವಿ ಬೆಳೆಯುತ್ತದೆ. ಆದ್ದರಿಂದ ನೀರಿನ ಹರಿವನ್ನು ನಿಲ್ಲಿಸಿ, ದಪ್ಪನೆಯ ಸುಣ್ಣದ ಸರಿಯನ್ನು ಸಿರಿಂಜಿನಿಂದ ಅದರ ಬಾಯಿಗೆ ಬಿಡಲಾಗುತ್ತದೆ. ಸುಣ್ಣವು ನೀರಿನ ಕ್ಷಾರತೆಯನ್ನು ಏರಿಸುವುದರಿಂದ ಒಂದು ಸಲಕ್ಕೆ ಕೆಲವಕ್ಕೆ ಮಾತ್ರ ಈ ಚಿಕಿತ್ಸೆ ತಕ್ಕದ್ದು. ಸಂಖ್ಯೆ ಮಿತಿಮೀರಿದಾಗ ಪೆಪ್ಪರ್‌ಮಿಂಟ್ ಸಿಗಡಿಯನ್ನೋ, ಐಪ್ಟೇಸಿಯವನ್ನೇ ತಿಂದು ಬದುಕುವ ಬರ್ಘಿಯ ಎಂಬ ಚಿಪ್ಪಿಲ್ಲದ ಕಡಲ ಮೃದ್ವಂಗಿಯನ್ನೋ ತೊಟ್ಟಿಗೆ ಬಿಡುತ್ತಾರೆ.