ಅರಮನೆ ಅಳಿದರೂ ಉಳಿದ ಟಿಪ್ಪುವಿನ ಮಸೀದಿ

ದೇವನಹಳ್ಳಿಯಲ್ಲಿ 1750ರಲ್ಲಿ ಜನಿಸಿದ ಟಿಪ್ಪು ಸುಲ್ತಾನ್, ತಂದೆ ಹೈದರ್ ಅಲಿಯ ನಿಧನಾನಂತರ 1782ರಲ್ಲಿ ಮೈಸೂರಿನ ಅಧಿಕಾರ ವಹಿಸಿಕೊಂಡರು. ದೆಹಲಿಯ ಮೊಘಲ್ ಗದ್ದುಗೆ ಕಳೆಗುಂದಿದ್ದ ಆ ಕಾಲದಲ್ಲಿ, ರಾಜಧಾನಿ ಶ್ರೀರಂಗಪಟ್ಟಣದ ಕೋಟೆಯೊಳಗೆ ಅವರು ನಿರ್ಮಿಸಿದ ಮಸ್ಜಿದ್-ಎ-ಆಲಾ 1787ರಲ್ಲಿ ಪೂರ್ಣಗೊಂಡಿತು. ಎತ್ತರದ ಜಗತಿ, ವಿಶಾಲ ಅಂಗಳ, ಎರಡು ಅಷ್ಟಕೋನ ಮಿನಾರುಗಳು, ಅವುಗಳ ಮೈತುಂಬ ಪಾರಿವಾಳದ ಗೂಡುಗಳು ಇದರ ವೈಶಿಷ್ಟ್ಯ.

1799ರ ಮೇ 4ರಂದು ಆಂಗ್ಲ ಸೇನೆ ಕೋಟೆಗೆ ನುಗ್ಗಿದಾಗ ಟಿಪ್ಪು ಹೋರಾಡುತ್ತಲೇ ಮಡಿದರು. ತಂದೆತಾಯಿಯ ಪಕ್ಕದಲ್ಲಿ, ಗುಂಬಜ್‌ನಲ್ಲಿ ಅವರ ಸಮಾಧಿಯಾಯಿತು. ಅವರ ಹಣಕಾಸು ನೋಡಿಕೊಂಡಿದ್ದ ಪೂರ್ಣಯ್ಯನವರು ಒಡೆಯರ ದಿವಾನರಾಗಿ ಮುಂದುವರಿದು, 1807ರಲ್ಲಿ ಯಳಂದೂರನ್ನು ಜಹಗೀರಾಗಿ ಪಡೆದರು. ಸುಲ್ತಾನರ ವಾಸದ ಲಾಲ್ ಮಹಲ್ ನೆಲಸಮವಾಯಿತು. ಪ್ರಾರ್ಥನೆಗೆಂದು ಅವರು ಕಟ್ಟಿಸಿದ ಮಸೀದಿಯ ಜೋಡಿ ಮಿನಾರುಗಳು ಇಂದಿಗೂ ತಲೆಯೆತ್ತಿ ನಿಂತಿವೆ.