ಫ್ರೆಡ್ರಿಕ್ ಸೆರ್ಟ್ಯೂರ್ನರ್

ಫ್ರೆಡ್ರಿಕ್ ವಿಲ್ಹೆಲ್ಮ್ ಆಡಮ್ ಸೆರ್ಟ್ಯೂರ್ನರ್ (೧೯ ಜೂನ್ ೧೭೮೩ – ೨೦ ಫೆಬ್ರವರಿ ೧೮೪೧) ಜರ್ಮನಿಯ ಔಷಧಕಾರರು. ಅಫೀಮಿನಿಂದ ಮಾರ್ಫೀನನ್ನು ಬೇರ್ಪಡಿಸಿದ ಇವರ ಕಾರ್ಯವು ಆಲ್ಕಲಾಯ್ಡ್‌ಗಳ ರಸಾಯನಶಾಸ್ತ್ರಕ್ಕೆ ತಳಹದಿಯಾಯಿತು.

ಆರಂಭಿಕ ಜೀವನ

ಸೆರ್ಟ್ಯೂರ್ನರ್ ಪಾಡರ್‌ಬಾರ್ನ್ ಸಮೀಪದ ನಾಯ್‌ಹೌಸ್‌ನಲ್ಲಿ ಜನಿಸಿದರು. ಹದಿಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಇವರು ಪಾಡರ್‌ಬಾರ್ನ್‌ನ ಔಷಧಾಲಯವೊಂದರಲ್ಲಿ ಕಲಿಕೆಗೆ ಸೇರಿದರು. ವಿಶ್ವವಿದ್ಯಾಲಯದ ಶಿಕ್ಷಣ ಇವರಿಗೆ ದೊರೆಯಲಿಲ್ಲ.

ಸಂಶೋಧನೆ

ಆ ಕಾಲದಲ್ಲಿ ಗಸಗಸೆ ಗಿಡದ ಕಾಯಿಯಿಂದ ತೆಗೆದ ಅಫೀಮನ್ನು ನೋವು ನಿವಾರಣೆಗೆ ಬಳಸಲಾಗುತ್ತಿತ್ತು. ಆದರೆ ಅದರ ಶಕ್ತಿ ಒಂದೇ ಸಮನಾಗಿರದ ಕಾರಣ, ಒಮ್ಮೆ ಫಲಕಾರಿಯಾದ ಪ್ರಮಾಣವೇ ಇನ್ನೊಮ್ಮೆ ಪ್ರಾಣಾಂತಿಕವಾಗಬಹುದಾಗಿತ್ತು. ಸೆರ್ಟ್ಯೂರ್ನರ್ ಅಫೀಮಿನ ದ್ರಾವಣಕ್ಕೆ ಅಮೋನಿಯಾ ಸೇರಿಸಿ ಹರಳುಗಳನ್ನು ಪಡೆದು, ಅವು ನಿದ್ರೆ ತರುವುದನ್ನು ನಾಯಿಗಳ ಮೇಲೆ ಪರೀಕ್ಷಿಸಿದರು. ಸಸ್ಯಗಳ ಸಕ್ರಿಯ ಅಂಶಗಳು ಆಮ್ಲಗಳೆಂಬ ನಂಬಿಕೆಯಿದ್ದಾಗ ಈ ವಸ್ತುವು ಕ್ಷಾರಗುಣವುಳ್ಳದ್ದೆಂದು ಇವರು ತೋರಿಸಿದರು. ೧೮೦೫–೦೬ರ ಬರಹಗಳಿಗೆ ವಿದ್ವಾಂಸರಿಂದ ಹೆಚ್ಚಿನ ಮನ್ನಣೆ ಸಿಗಲಿಲ್ಲ.

ಐನ್‌ಬೆಕ್‌ಗೆ ತೆರಳಿದ ನಂತರ ತಮ್ಮ ಮೇಲೂ ಮೂವರು ತರುಣರ ಮೇಲೂ ಪ್ರಯೋಗ ನಡೆಸಿದರು. ಮುಕ್ಕಾಲು ಗಂಟೆಯೊಳಗೆ ಸುಮಾರು ೩೦ ಮಿಲಿಗ್ರಾಂನಂತೆ ಮೂರು ಬಾರಿ ಸೇವಿಸಿದ ನಾಲ್ವರಲ್ಲಿಯೂ ವಿಷಬಾಧೆಯ ಲಕ್ಷಣಗಳು ಕಾಣಿಸಿಕೊಂಡವು. ವಿನೆಗರ್ ಕುಡಿದು ವಾಂತಿ ಮಾಡಬೇಕಾಯಿತು. ೧೮೧೭ರಲ್ಲಿ ಇದನ್ನು ಪ್ರಕಟಿಸಿ, ಗ್ರೀಕರ ಸ್ವಪ್ನದೇವತೆ ಮಾರ್ಫಿಯಸ್‌ನ ಹೆಸರಿನಿಂದ ವಸ್ತುವಿಗೆ ಮಾರ್ಫಿಯಂ ಎಂದು ಹೆಸರಿಟ್ಟರು. ಫ್ರಾನ್ಸಿನ ಗೇ-ಲುಸಾಕ್ ಅವರ ಗಮನ ಸೆಳೆದ ಮೇಲೆ ಈ ಸಂಶೋಧನೆ ಪ್ರಸಿದ್ಧವಾಯಿತು.

ಕೊನೆಯ ವರ್ಷಗಳು

ನೆಪೋಲಿಯನ್ನನ ಪತನದ ನಂತರ ಕಾನೂನು ಬದಲಾದುದರಿಂದ ಇವರು ಐನ್‌ಬೆಕ್‌ನ ಸ್ವಂತ ಔಷಧಾಲಯವನ್ನು ಕಳೆದುಕೊಂಡು ಹಾಮೆಲ್ನ್‌ನಲ್ಲಿ ನೆಲೆಸಿದರು. ೧೮೩೧ರಲ್ಲಿ ಫ್ರಾನ್ಸಿನ ವಿದ್ವತ್ ಸಂಸ್ಥೆಯು ೨,೦೦೦ ಫ್ರಾಂಕ್‌ಗಳ ಬಹುಮಾನ ನೀಡಿ ಗೌರವಿಸಿತು. ಹಾಮೆಲ್ನ್‌ನಲ್ಲಿ ನಿಧನರಾದ ಇವರ ಸಮಾಧಿ ಐನ್‌ಬೆಕ್‌ನಲ್ಲಿದೆ.

ಮಾರ್ಫೀನಿನ ಕಾರ್ಯವಿಧಾನ

ಮಾರ್ಫೀನ್ ಮಿದುಳಿನ ಮೇಲೆ ಹೇಗೆ ವರ್ತಿಸುತ್ತದೆಂಬುದು ಸೆರ್ಟ್ಯೂರ್ನರ್ ಅವರ ಕಾಲದಲ್ಲಿ ತಿಳಿದಿರಲಿಲ್ಲ. ಅದು ಅಂಟಿಕೊಳ್ಳುವ ಗ್ರಾಹಕಗಳನ್ನು ೧೯೭೩ರಲ್ಲಿ ಪ್ರಯೋಗಗಳು ಖಚಿತಪಡಿಸಿದವು. ೧೯೭೫ರಲ್ಲಿ ಇದೇ ಗ್ರಾಹಕಗಳ ಮೇಲೆ ವರ್ತಿಸುವ, ದೇಹವೇ ತಯಾರಿಸುವ ಎನ್‌ಕೆಫಾಲಿನ್‌ಗಳು ಪತ್ತೆಯಾದವು. ಮಾರ್ಫೀನ್ ಮುಖ್ಯವಾಗಿ ಮ್ಯೂ ಗ್ರಾಹಕಗಳಿಗೆ ಅಂಟಿ ನರಕೋಶಗಳ ನಡುವೆ ನೋವಿನ ಸಂಕೇತಗಳ ರವಾನೆಯನ್ನು ಕುಂಠಿತಗೊಳಿಸುತ್ತದೆ. ಮಧ್ಯಮಿದುಳಿನಲ್ಲಿ ಡೋಪಮೀನ್ ನರಕೋಶಗಳನ್ನು ಹತೋಟಿಯಲ್ಲಿಡುವ ಗಾಬಾ ಕೋಶಗಳನ್ನು ಅದು ತಡೆಯುವುದರಿಂದ ಡೋಪಮೀನ್ ಹೆಚ್ಚು ಬಿಡುಗಡೆಯಾಗುತ್ತದೆ. ಸುಖಾನುಭವಕ್ಕೂ ವ್ಯಸನಕ್ಕೂ ಇದು ಕಾರಣ. ಮಿದುಳುಕಾಂಡದ ಗ್ರಾಹಕಗಳ ಮೂಲಕ ಉಸಿರಾಟವೂ ನಿಧಾನವಾಗುವುದರಿಂದ ಮಿತಿಮೀರಿದ ಪ್ರಮಾಣ ಮಾರಕವಾಗುತ್ತದೆ. ಶುದ್ಧ ವಸ್ತು ದೊರೆತುದರಿಂದ ಔಷಧದ ಪ್ರಮಾಣವನ್ನು ನಿಖರವಾಗಿ ತೂಗಿ ಕೊಡುವುದು ಸಾಧ್ಯವಾಯಿತು.